ಸೊಪ್ಪು ಕಟ್ಟುವಷ್ಟು ಹೊತ್ತು

ನನ್ನ ಮೊಮ್ಮಗಳು ಟಿ.ವಿ.ಯಲ್ಲಿ ಬಂದಳು. ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಬೇರೆ ಯಾವ ಮಾತೂ ನನ್ನ ಬಾಯಿಂದ ಸರಿಯಾಗಿ ಹೊರಡುವುದಿಲ್ಲ. ಬಂದಳು ಅಂದರೆ ಗುಂಪಿನಲ್ಲಿ ತಲೆ ಕಂಡಿತು, ಹೋಯಿತು ಅನ್ನುವ ಹಾಗಲ್ಲ. ಒಬ್ಬಳೇ ನಿಂತು, ಮೈಕು ಹಿಡಿದು, ನಾನು ಕಲಿಸಿದ ಸೋಬಾನೆ ಪದ ಹಾಡಿದಳು. ಹಸಿರು ಲಂಗ, ಕೆಂಪು ರವಿಕೆ, ಎರಡು ಜಡೆ. ಬಲಗಡೆಯ ಜಡೆಯ ಟೇಪು ಸ್ವಲ್ಪ ಸಡಿಲವಾಗಿತ್ತು. ನಾನು ಎಷ್ಟು ಸಲ ನೋಡಿದ್ದೇನೆ ಅಂದರೆ, ಆ ಟೇಪು ಹಾಡಿನ ಯಾವ ಮಾತಿಗೆ ಭುಜದ ಮೇಲಿಂದ ಜಾರುತ್ತದೆ ಅನ್ನುವುದೂ ನನಗೆ ಗೊತ್ತು.

ಹಾಗೆ ಮತ್ತೆ ಮತ್ತೆ ನೋಡುವುದಕ್ಕೆ ಆದದ್ದು ಒಂದು ಕಪ್ಪು ಪೆಟ್ಟಿಗೆಯಿಂದ. ಅಂಗೈಯಗಲ ಇರುತ್ತದೆ. ಹಾರ್ಡ್ ಡಿಸ್ಕ್ ಅನ್ನುತ್ತಾರೆ. ನನ್ನ ಮಗ ಅದನ್ನು ಹುಣಸೂರಿನಿಂದ ತಂದದ್ದು ನನಗೋಸ್ಕರ ಅಲ್ಲ, ಅವನ ಹೆಂಡತಿಗೋಸ್ಕರ. ನಮ್ಮದು ಬೆಟ್ಟದಪುರದ ಬೆಟ್ಟ ಹಿತ್ತಲಿನಿಂದಲೇ ಕಾಣುವ ಊರು. ಹೊಗೆಸೊಪ್ಪಿನ ಕಾಲ ಬಂತೆಂದರೆ ಹೆಂಗಸರೆಲ್ಲ ಬೆಳಗಿನಿಂದ ದೀಪ ಹಚ್ಚುವವರೆಗೆ ಚಪ್ಪರದ ಕೆಳಗೆ. ಹೊಲದಿಂದ ಹಸಿ ಸೊಪ್ಪು ಬರುತ್ತದೆ, ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಬೇಕು, ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಅನ್ನುವ ಸೊಪ್ಪು ಬೇಯಿಸುವ ಮನೆಯೊಳಗೆ ಸಾಲಾಗಿ ಏರಿಸಿ ಕೆಳಗೆ ಬೆಂಕಿ ಹಾಕಬೇಕು. ಸೊಪ್ಪು ಯಾರಿಗೂ ಕಾಯುವುದಿಲ್ಲ. ಮಧ್ಯಾಹ್ನದ ಧಾರಾವಾಹಿಯೂ ಯಾರಿಗೂ ಕಾಯುವುದಿಲ್ಲ. ಸೊಸೆಯ ಸಂಕಟ ಅದು. ನಮ್ಮ ಮನೆಯ ಡಿಶ್ಶಿನ ಡಬ್ಬದ ಹಿಂದುಗಡೆ ಒಂದು ತೂತು ಇತ್ತು. ಮಗ ಅದಕ್ಕೆ ವೈರಿನಲ್ಲಿ ಈ ಪೆಟ್ಟಿಗೆ ಸಿಕ್ಕಿಸಿದ. ಯಾವ ದಿವಸ, ಎಷ್ಟು ಹೊತ್ತಿಗೆ ಅಂತ ಹೇಳಿಟ್ಟರೆ ಅದೇ ಕಾರ್ಯಕ್ರಮವನ್ನು ಹಿಡಿದಿಟ್ಟುಕೊಳ್ಳುತ್ತದಂತೆ. ಟಿ.ವಿ. ಆರಿಸಿದ್ದರೂ ಹಿಡಿಯುತ್ತದಂತೆ. ನಾನು ನಂಬಲಿಲ್ಲ. ಮನೆಯಲ್ಲಿ ಕೇಳುವವರೇ ಇಲ್ಲದಾಗ ಅದು ಯಾರ ಮಾತು ಕೇಳಿಕೊಂಡು ಕೂರುತ್ತದೆ?

ಆದರೆ ಮಗ ಒಂದು ಮಾತು ಹೇಳಿದ. "ಅವ್ವ, ಈ ಡಬ್ಬದಲ್ಲಿ ಹಿಡ್ದಿದ್ದು ಈ ಡಬ್ಬದಲ್ಲೇ ಕಾಣಾದು. ಬ್ಯಾರೆ ಮನೆಗೆ ತಕ್ಕೊಂಡೋಗಿ ಸಿಕ್ಸುದ್ರೆ ಏನೂ ಬರಾಕಿಲ್ಲ ಕಣ."

"ಅಂಗಾರೆ ನಿನ್ನೆಂಡ್ತಿಗಿಂತ ವಾಸಿ ಬುಡು. ಮಾತೆತ್ತುದ್ರೆ ತವರಿಗೆ ಓಡೋಗಾಕಿಲ್ಲ" ಅಂದೆ.

"ಕೇಳುಸ್ತು ಕಣತ್ತೆ!" ಅಂತ ಸೊಸೆ ಒಳಗಿನಿಂದ ಕೂಗಿದಳು. "ತವರಿಗೋಗಾಕೆ ನಿಮ್ಮ ಸೊಪ್ಪು ಎಲ್ಲಿ ಬುಟ್ಟದು ನನ್ನ!"

ಈಗ ಮೊಮ್ಮಗಳ ವಿಷಯ. ಮಗಳು ಮೈಸೂರಿನಲ್ಲಿ ನರ್ಸ್ ಟ್ರೈನಿಂಗ್ ಮಾಡುವಾಗ ಹಾಲು ಬಿಟ್ಟ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಕೂಸು ಇಲ್ಲೇ ನಡೆಯಿತು, ಇಲ್ಲೇ ಮಾತು ಕಲಿಯಿತು. ಸೊಪ್ಪು ಕಟ್ಟುವಾಗ ನನ್ನೆದುರು ಕಾಲು ಚಾಚಿಕೊಂಡು ಕೂತು ಎಲೆ ಎತ್ತಿ ಕೊಡುವುದು ಅವಳಿಗೆ ಆಟ. ಕಡ್ಡಿ ಕಟ್ಟುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಎಲೆ ಜೋಡಿಸಿ ಕೊಡುತ್ತಾರೆ, ಇನ್ನೊಬ್ಬರು ತೊಟ್ಟಿಗೆ ದಾರ ಸುತ್ತಿ ಬಿಗಿಯುತ್ತಾರೆ. ಕೊಡುವವರ ಕೈ ಓಡಿದರೆ ಕಟ್ಟುವವರ ಕೈ ಓಡಬೇಕು. ಅದಕ್ಕೇ ನಾವು ಹಾಡುತ್ತಿದ್ದದ್ದು. ಸೋಬಾನೆಯನ್ನು ನಮ್ಮ ಕಡೆ ಯಾರೂ ಒಬ್ಬರೇ ಹಾಡುವುದಿಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅದರ ಬಾಲವನ್ನು ಉಳಿದವರು ಹಿಡಿದುಕೊಂಡು ತಿರುಗಿ ಹೇಳುತ್ತಾರೆ. ಕೂಸು ಎಲೆ ಕೊಡುತ್ತಾ ಸೊಲ್ಲು ಎತ್ತುತ್ತಿದ್ದಳು, ನಾನು ದಾರ ಬಿಗಿಯುತ್ತಾ ಬಾಲ ಹಿಡಿಯುತ್ತಿದ್ದೆ.

ತೊಟ್ಟಿಲಲ್ಲಿ ಮಲಗಿದ್ದೋಳು ತೋರಣದಡಿ ನಿಂತವಳೆ, ನೋಡೋಕೆ ಎಲ್ಡು ಕಣ್ಣು ಸಾಲ್ದವ್ವ. ಇಷ್ಟು ಅವಳದು. ಎಲ್ಡು ಕಣ್ಣು ಸಾಲ್ದವ್ವ ಅನ್ನುವುದು ನನ್ನದು. ನಾನು ಹೇಳಿ ಮುಗಿಸುವುದಕ್ಕೂ ಒಂದು ಹಿಡಿ ಸೊಪ್ಪು ಕಡ್ಡಿಗೆ ಕೂರುವುದಕ್ಕೂ ಸರಿಹೋಗುತ್ತಿತ್ತು. ಆಗ ಅವಳು ಮುಂದಿನ ಎಲೆ, ಮುಂದಿನ ಸೊಲ್ಲು.

ಮಗಳಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು. ಅಳಿಯನಿಗೂ ಅಲ್ಲೇ ಆಯಿತು. ಕೂಸಿಗೆ ಏಳು ತುಂಬಿತ್ತು, ಕರೆದುಕೊಂಡು ಹೋದರು. ಮಕ್ಕಳು ತಾಯಿಯ ಹತ್ತಿರ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಬಟ್ಟೆಯನ್ನೆಲ್ಲ ನಾನೇ ಮಡಿಸಿ ಬ್ಯಾಗಿಗೆ ಇಟ್ಟೆ. ಅವಳು ಹೋದ ಮೇಲೆ ನನಗೆ ಎಲೆ ಕೊಡುವುದಕ್ಕೆ ಕೂಲಿಗೆ ಬಂದ ಹುಡುಗಿಯರು ಕೂತರು. ಒಳ್ಳೆಯವರೇ. ಆದರೆ ಅವರ ಹತ್ತಿರ ಮೊಬೈಲು ಇತ್ತು, ಅದರಲ್ಲಿ ಹಾಡು ಇತ್ತು. ಮೊಬೈಲಿನ ಹಾಡಿಗೆ ಬಾಲ ಹಿಡಿಯುವುದಕ್ಕಾಗುವುದಿಲ್ಲ. ಚಪ್ಪರದ ತುಂಬ ಜನ, ಮಾತು, ನಗು. ನಾನು ಮಾತ್ರ ದಾರ ಬಿಗಿಯುವಾಗ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ಅವಳು ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಮಗಳು ಫೋನು ಮಾಡಿದಳು. "ಅವ್ವ, ನಿನ್ ಮೊಮ್ಮಗ್ಳು ಟಿ.ವಿ.ಲಿ ಬತ್ತಾವ್ಳೆ. ಮಕ್ಕಳ ಹಾಡಿನ ಸ್ಪರ್ಧೆ. ಬರೋ ಭಾನುವಾರ ಮಧ್ಯಾಹ್ನ."

ನಾನು ಫೋನು ಇಟ್ಟವಳೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿ ಬಂದೆ. ಹಾರನಹಳ್ಳಿಯಿಂದ ಬಂದಿದ್ದ ಬಳೆಯವಳಿಗೂ ಹೇಳಿದೆ. ಎಲ್ಲರೂ "ಓ, ಬತ್ತೀವಿ ಕಣಜ್ಜಿ" ಅಂದರು. ಆದರೆ ಆ ಭಾನುವಾರ ನಮ್ಮ ಬ್ಯಾರನ್ ತುಂಬುವ ದಿವಸ. ನಮ್ಮದೊಂದೇ ಅಲ್ಲ, ಅರ್ಧ ಊರಿನದು. ಮಳೆ ಬಿಟ್ಟು ಬಿಸಿಲು ಬಂದಿತ್ತು, ಎಲೆ ಎಲ್ಲರ ಹೊಲದಲ್ಲೂ ಒಟ್ಟಿಗೇ ಹಣ್ಣಾಗಿತ್ತು. ಮನೆಯಲ್ಲಿ ಉಳಿದದ್ದು ನಾನೊಬ್ಬಳು.

ಹೊರಡುವ ಮುಂಚೆ ಸೊಸೆ ಡಬ್ಬಕ್ಕೆ ಹೇಳಿಟ್ಟಳು. "ನೋಡಿ ಅತ್ತೆ, ಹೊತ್ತಾದಾಗ ಇಲ್ಲಿ ಕೆಂಪು ದೀಪ ಬತ್ತದೆ. ಬಂದ್ರೆ ಹಿಡೀತಾ ಅದೆ ಅಂತ. ನೀವು ಏನೂ ಮುಟ್ಬ್ಯಾಡಿ. ಸುಮ್ಕೆ ಕೂತ್ಕೊಂಡು ನೋಡಿ."

"ಕರೆಂಟ್ ಹೋದ್ರೆ?"

"ಹೋದ್ರೆ ನಿಮ್ಮ ದೇವ್ರುನ್ನ ಕೇಳಿ."

ಕೇಳಿದೆ. ಕೂಸು ಗೆಲ್ಲಲಿ ಅಂತ ಕೇಳಲಿಲ್ಲ, ಕರೆಂಟು ಇರಲಿ ಅಂತಲೇ ಕೇಳಿಕೊಂಡು ದೀಪ ಹಚ್ಚಿದೆ. ಕರೆಂಟು ಇತ್ತು. ಕೆಂಪು ದೀಪ ಬಂತು. ಯಾರ್ಯಾರೋ ಮಕ್ಕಳು ಹಾಡಿದರು, ಚೆನ್ನಾಗಿಯೇ ಹಾಡಿದರು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಆಮೇಲೆ ನನ್ನ ಕೂಸು ಬಂತು. ನಾನು ಎದ್ದು ನಿಂತೆ. ಯಾಕೆ ನಿಂತೆನೋ. ಮನೆಗೆ ಯಾರೋ ಬಂದ ಹಾಗೆ ನಿಂತುಬಿಟ್ಟೆ.

"ತೊಟ್ಟಿಲಲ್ಲಿ ಮಲಗಿದ್ದೋಳು" ಅಂತ ಶುರು ಮಾಡಿದಳು. ಗಂಟಲು ಅಂದರೆ ಗಂಟಲು. "ನೋಡೋಕೆ ಎಲ್ಡು ಕಣ್ಣು ಸಾಲ್ದವ್ವ" ಅಂದಳು, ನಿಲ್ಲಿಸಿದಳು. ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುವವರು ತಲೆ ಎತ್ತಿ ಅವಳ ಮುಖ ನೋಡಿದರು. ತಬಲದವರು ಸುಮ್ಮನೆ ಎರಡು ಏಟು ಹಾಕಿದರು. ನನ್ನ ಬಾಯಿ ತಾನೇ ತೆರೆದುಕೊಂಡಿತು. "ಎಲ್ಡು ಕಣ್ಣು ಸಾಲ್ದವ್ವ" ಅಂದೆ. ನಾನು ಮುಗಿಸಿದ ತಕ್ಷಣ, ಕೇಳಿಸಿಕೊಂಡವಳ ಹಾಗೆ, ಅವಳು ಮುಂದಿನದನ್ನು ಎತ್ತಿದಳು. "ಮಲ್ಲಿಗೆ ಮುಡಿಸಿದ ಕೈಯಿ ಬಾಗಿಲಲ್ಲೇ ಉಳಿದಾವೆ, ಕಳುಸೋಕೆ ಮನಸಿಲ್ಲ ಕೇಳವ್ವ." ಮತ್ತೆ ನಿಂತಳು. "ಮನಸಿಲ್ಲ ಕೇಳವ್ವ" ಅಂದೆ. ಹಾಡು ಮುಗಿಯುವವರೆಗೂ ಹಾಗೆಯೇ. ಒಂದೊಂದು ಸೊಲ್ಲಿಗೂ ಅವಳು ಒಂದು ಹಿಡಿ ಸೊಪ್ಪು ಕಟ್ಟುವಷ್ಟು ಹೊತ್ತು ಬಿಟ್ಟಳು. ಬಲಗೈ ಲಂಗದ ಪಕ್ಕದಲ್ಲಿ ಸಣ್ಣಗೆ ಆಡುತ್ತಿತ್ತು, ಎಲೆ ಜೋಡಿಸುವ ಹಾಗೆ. ಅದು ಯಾರಿಗೆ ಕಂಡಿತು? ನನಗೆ ಕಂಡಿತು.

ಹಾಡು ಮುಗಿದ ಮೇಲೆ ತೀರ್ಪು ಹೇಳುವ ಹೆಂಗಸು ನಗುತ್ತಾ ಕೇಳಿದರು: "ಧ್ವನಿ ತುಂಬಾ ಚೆನ್ನಾಗಿದೆ ಪುಟ್ಟಾ. ಆದರೆ ನಡುನಡುವೆ ಯಾಕೆ ನಿಲ್ಲಿಸಿಬಿಡ್ತಿದ್ದೆ? ಸಾಲು ಮರೆತುಹೋಯ್ತಾ?"

"ಮರ್ತಿಲ್ಲ ಮಿಸ್. ಅದು ಅಂಗೇನೆ."

ಅಲ್ಲಿ ಕೂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಕೆಟ್ಟ ನಗು ಅಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕರು. ಕೂಸೂ ನಕ್ಕಿತು. ಆಮೇಲೆ ತಲೆ ತಗ್ಗಿಸಿ ಕಾಲ ಬೆರಳು ನೋಡಿಕೊಂಡಿತು. ಮುಂದಿನ ಸುತ್ತಿಗೆ ಕರೆದ ಮಕ್ಕಳಲ್ಲಿ ಅವಳಿರಲಿಲ್ಲ.

ನನಗೆ ಸೋತದ್ದು ತಲೆಗೇ ಹೋಗಲಿಲ್ಲ. ಒಳಗೆ ಓಡಿ ಉಪ್ಪು, ಮೆಣಸಿನಕಾಯಿ ತಂದು ಟಿ.ವಿ.ಗೆ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದೆ. ಅಷ್ಟು ಹೊತ್ತಿಗೆ ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬಂದುಬಿಟ್ಟಿತ್ತು. ಒಲೆ ಮೆಣಸಿನಕಾಯಿ ಘಾಟು ಎಬ್ಬಿಸಿತು, ನಾನೊಬ್ಬಳೇ ಕೂತು ಕೆಮ್ಮಿದೆ, ಅತ್ತುಬಿಟ್ಟೆ, ನಕ್ಕುಬಿಟ್ಟೆ. ಬಾಗಿಲ ಹೊರಗೆ ನೋಡಿದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಇಷ್ಟು ದೊಡ್ಡ ಸಂತೋಷ ತಂದು ಅಂಗಳದಲ್ಲಿ ಇಳಿಸಿದರೆ ಹೊರಲು ಕೈ ಕೊಡುವವರಿಲ್ಲ ಅನ್ನುವ ಹಾಗಾಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಸೊಸೆ ಹಿಡಿದಿಟ್ಟದ್ದನ್ನು ಹಾಕಿದಳು. ಚಪ್ಪರದ ಹೆಂಗಸರೆಲ್ಲ ಸೊಪ್ಪಿನ ಕೈಯಲ್ಲೇ ಬಂದು ನಡುಮನೆಯಲ್ಲಿ ನಿಂತು ನೋಡಿದರು. "ಎಷ್ಟು ಚೆಂದಾಗವ್ಳೆ" ಅಂದರು. ಆಮೇಲೆ, "ಪಾಪ, ಗಾಬ್ರಿಗೆ ಮರ್ತೋಯ್ತು ಕೂಸಿಗೆ" ಅಂದರು.

"ಮರ್ತಿಲ್ಲ ಕಣ್ರವ್ವ, ಅದು ನಾನು ಹೇಳೋ ಜಾಗ" ಅಂದೆ.

"ಅಜ್ಜೀನೂ ಕರ್ಸಬೇಕಿತ್ತು ಬುಡು ಟಿ.ವಿ.ಗೆ!" ಅಂತ ಒಬ್ಬಳು ಅಂದಳು. ನಕ್ಕರು, ಅನ್ನ ಉಂಡರು, ಹೋದರು.

ಸಂಜೆ ಮಗಳ ಫೋನು ಬಂತು. ಅವಳ ದನಿ ಇಳಿದಿತ್ತು. "ಅವ್ವ, ಇಸ್ಕೂಲಲ್ಲಿ ಎಲ್ಲಾರೂ ಬ್ರೇಕು, ಬ್ರೇಕು ಅಂತ ರೇಗುಸ್ತಾವ್ರಂತೆ. ಇನ್ಮೇಲೆ ಹಾಡಾಕಿಲ್ಲ ಅಂತಾವ್ಳೆ. ಅಜ್ಜಿ ನಂಗೆ ತಪ್ಪು ಹೇಳ್ಕೊಟ್ಟವ್ಳೆ ಅಂತಾವ್ಳೆ."

"ಫೋನ್ ಕೊಡವ್ವ ಅವಳ್ಗೆ."

"ಬರಾಕಿಲ್ಲ ಅಂತಾಳೆ. ನೀನು ಅದುನ್ನ ಅಳ್ಸಾಕ್ಬುಡು. ದಸರಾ ರಜಕ್ಕೆ ಬಂದಾಗ ನೋಡುದ್ರೆ ಇನ್ನೂ ಅಳ್ತಳೆ."

ಫೋನು ಇಟ್ಟು ಜಗುಲಿಗೆ ಹೋಗಿ ಕೂತೆ. ಆ ಜಾಗ ಖಾಲಿ ಅಂತ ಎಲ್ಲರೂ ಅನ್ನಲಿ, ಅವಳೂ ಅನ್ನಬೇಕೇ? ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ಅವಳು ಹಾಡಿದ್ದನ್ನೇ ಅವಳ ಮುಂದೆ ಇಟ್ಟು, ಅವಳು ಬಿಟ್ಟಲ್ಲಿ ನಾನು ತುಂಬಿ ತೋರಿಸಬೇಕು. ಪೆಟ್ಟಿಗೆಯನ್ನು ಹುಬ್ಬಳ್ಳಿಗೆ ಕಳಿಸೋಣ ಅಂದರೆ ಈ ಡಬ್ಬ ಬಿಟ್ಟು ಬೇರೆಲ್ಲೂ ಕಾಣುವುದಿಲ್ಲ. ನಾನೇ ಹೋಗೋಣ ಅಂದರೆ ಸೊಪ್ಪಿನ ಕಾಲದ ನಡುವೆ ಕಟ್ಟುವ ಕೆಲಸ ಬಿಟ್ಟು ಹೋಗುವ ಹಾಗಿಲ್ಲ. ಹಾಗಾಗಿ ದಸರಾ ರಜದವರೆಗೆ ಆ ಹಾಡು ಆ ಪೆಟ್ಟಿಗೆಯಲ್ಲಿ ಉಳಿಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಸೊಸೆ ರಿಮೋಟಿನ ಒಂದು ಗುಂಡಿಗೆ ತನ್ನ ಉಗುರುಬಣ್ಣ ಹಚ್ಚಿಕೊಟ್ಟಳು. ಅದನ್ನು ಒತ್ತಿದರೆ ಹೆಸರುಗಳ ಸಾಲು ಬರುತ್ತದೆ. ಎಲ್ಲಕ್ಕಿಂತ ಕೆಳಗಿನದು ಕೂಸಿನದು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಚಪ್ಪರಕ್ಕೆ ಹೋದರೆ ನಾನು ಸ್ವಲ್ಪ ಹಿಂದೆ ಉಳಿದು ಹಾಕಿಕೊಳ್ಳುತ್ತಿದ್ದೆ. ಅವಳು ಎತ್ತುವಳು, ನಾನು ಹಿಡಿಯುವೆನು. ಎಷ್ಟು ಖುಷಿ ಅಂದರೆ, ಮೈಯಲ್ಲಿ ಹುಡುಗಿಯೊಬ್ಬಳು ಬಂದು ಕೂತ ಹಾಗೆ. ಹಾಡು ಮುಗಿದರೆ ಮತ್ತೆ ಆ ಹೆಸರುಗಳ ಸಾಲು. ಫ್ಯಾನು ತಿರುಗುವ ಸದ್ದು. ಅವಳ ಜೊತೆ ಹಾಡಿದೆ ಅಂದುಕೊಂಡಿದ್ದವಳಿಗೆ ಆ ಹೊತ್ತಿನಲ್ಲಿ ನಡುಮನೆಯ ಗೋಡೆಗಳೆಲ್ಲ ಒಂದೊಂದು ಹೆಜ್ಜೆ ದೂರ ಸರಿದ ಹಾಗೆ ಅನಿಸುತ್ತಿತ್ತು. ಸೆರಗು ಕಟ್ಟಿಕೊಂಡು ಚಪ್ಪರಕ್ಕೆ ಹೋಗುತ್ತಿದ್ದೆ.

ಒಂದು ದಿನ ಸೊಸೆ ರಿಮೋಟು ಹಿಡಿದುಕೊಂಡು ನಿಂತಿದ್ದಳು. "ಜಾಗ ಇಲ್ಲ ಅಂತದೆ ಅತ್ತೆ. ಏನಾರ ಅಳ್ಸಿದ್ರೇನೆ ಇನ್ನೊಂದು ಹಿಡಿಯಾದು."

ಪೆಟ್ಟಿಗೆ ಅವಳದು. ಒಂದು ವಾರದಿಂದ ಅವಳ ಧಾರಾವಾಹಿಯಲ್ಲಿ ಮದುವೆ ನಡೆಯುತ್ತಿತ್ತು. ಬ್ಯಾರನ್ ಕೆಲಸದಲ್ಲಿ ಅವಳಿಗೆ ಅದನ್ನು ನೋಡುವುದಕ್ಕೇ ಆಗಿರಲಿಲ್ಲ. ಸೊಪ್ಪು ಮುಗಿದ ಮೇಲೆ ಎಲ್ಲ ಒಟ್ಟಿಗೆ ನೋಡುತ್ತೇನೆ ಅಂತ ಕೂಡಿಟ್ಟಿದ್ದಳು.

"ನಿಮ್ಮ ಮೊಮ್ಮಗಳ್ನ ತೆಗ್ಯಾದೋ, ನನ್ ಮದ್ವೆ ತೆಗ್ಯಾದೋ?" ಅಂದಳು. ನನ್ನ ಮುಖವನ್ನೂ ನೋಡದೆ ಟಕಟಕ ಒತ್ತಿದಳು. ಮದುವೆಯೆಲ್ಲ ಹೋಯಿತು. "ಬುಡಿ ಅತ್ತೆ, ಆ ಮದ್ವೆ ಎಂಗೂ ಮುರ್ದೋಯ್ತದೆ" ಅಂದು ಒಳಗೆ ಹೋದಳು. ಅವಳ ಊಟದ ತಟ್ಟೆಗೆ ಆವತ್ತು ನಾನೇ ಉಪ್ಸಾರು ಬಡಿಸಿದೆ, ಬೇಡ ಅಂದರೂ ಇನ್ನೊಂದು ಮುದ್ದೆ ಹಾಕಿದೆ.

ದಸರಾ ರಜ ಬಂತು, ಮಗಳೂ ಮೊಮ್ಮಗಳೂ ಬಂದರು. ಕೂಸು ಎತ್ತರವಾಗಿತ್ತು. ನಾನು ತಬ್ಬಿಕೊಂಡರೆ ತಲೆ ನನ್ನ ಗಲ್ಲಕ್ಕೆ ತಾಗಿತು. ಮಾತೆಲ್ಲ ಹುಬ್ಬಳ್ಳಿಯದಾಗಿತ್ತು. ಹೋಳಿಗೆ ತಿಂದಳು, ಕರು ಮುಟ್ಟಿದಳು, ಹಾಡಿನ ಸುದ್ದಿ ಎತ್ತಲಿಲ್ಲ. ಎರಡು ದಿನ ನಾನೂ ಎತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ರಿಮೋಟು ಕೈಗೆ ತೆಗೆದುಕೊಂಡೆ.

"ಬ್ಯಾಡ ಅಜ್ಜಿ. ಹಚ್ಚಬ್ಯಾಡ" ಅಂದಳು. ಕಣ್ಣಲ್ಲಿ ಆಗಲೇ ನೀರು.

"ನೀನು ನೋಡ್ಬ್ಯಾಡ ಕೂಸೆ. ನಂಗೋಸ್ಕರ ಆಕ್ಕೋತೀನಿ. ದಿನಾ ಆಕ್ಕೋತೀನಿ ನಾನು."

ದಡದಡ ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ನನಗೆ ಬೆನ್ನು ಹಾಕಿ ಕೂತಳು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾಕವ್ವ ಇದು, ಬ್ಯಾಡ ಅಂದಿದ್ನಲ್ಲ" ಅಂದಳು. ಸೊಸೆ ಅವಳ ಕೈ ಹಿಡಿದು ಎಳೆದುಕೊಂಡಳು. ನಾನು ಉಗುರುಬಣ್ಣದ ಗುಂಡಿ ಒತ್ತಿದೆ.

ಟಿ.ವಿ.ಯೊಳಗಿನ ಕೂಸು ಎತ್ತಿತು, ನಾನು ಹಿಡಿದೆ. ದಿನಾ ಹಿಡಿಯುವ ಹಾಗೆಯೇ, ಆದರೆ ಆವತ್ತು ಜಗುಲಿಗೆ ಕೇಳುವಷ್ಟು ಗಟ್ಟಿಯಾಗಿ. ಎರಡನೆಯದನ್ನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹಿಡಿದೆ. ಮೂರನೆಯದರ ಹೊತ್ತಿಗೆ ಜಗುಲಿಯ ಮೇಲಿನ ಬೆನ್ನು ನೆಟ್ಟಗಾದದ್ದು ಕಂಡಿತು. ನಾಲ್ಕನೆಯದಕ್ಕೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಒಂದು ಸಲ ಟಿ.ವಿ. ನೋಡುತ್ತಾಳೆ, ಒಂದು ಸಲ ನನ್ನ ಬಾಯಿ ನೋಡುತ್ತಾಳೆ. ತಾನು ಹಾಡಿದ್ದನ್ನು ಅವಳು ಪೂರ್ತಿ ಕೇಳಿದ್ದು ಆವತ್ತೇ ಮೊದಲು.

ಆ ಹೆಂಗಸು ಮರೆತುಹೋಯ್ತಾ ಅಂತ ಕೇಳಿದ ಮಾತು ಬಂತು. ಅವರೆಲ್ಲರ ನಗು ಬಂತು. ಕೂಸು ಆ ಕಡೆ ತಿರುಗಲೇ ಇಲ್ಲ.

"ಅಜ್ಜಿ, ಎರಡನೇದಕ್ಕ ನೀ ಲೇಟ್ ಆದಿ" ಅಂದಳು.

"ಹಲ್ಲು ಬಿದ್ದೋಗವೆ ಕಣೆ. ಗಾಳಿ ಹೊರ್ಟೋಯ್ತದೆ."

"ಸುಳ್ಳ ಹೇಳಬ್ಯಾಡ, ನೀ ಅಳಾಕತ್ತಿದ್ದಿ." ಬಂದು ನನ್ನ ಪಕ್ಕದಲ್ಲಿ ಅಂಟಿಕೊಂಡು ಕೂತಳು. "ಮತ್ತೊಮ್ಮೆ ಹಚ್ಚು. ಈ ಸಲ ಸರಿ ಹಾಡು."

ಇನ್ನೊಂದು ಸಲ ಹಾಕಿದೆ. ಆಮೇಲೆ ಟಿ.ವಿ.ಯೇ ಬೇಕಾಗಲಿಲ್ಲ. ಆ ವರ್ಷದ ಕೊನೆಯ ಬ್ಯಾರನ್ನಿಗೆ ಒಂದಷ್ಟು ಸೊಪ್ಪು ಉಳಿದಿತ್ತು. ಅವಳು ನನ್ನೆದುರು ಕಾಲು ಚಾಚಿಕೊಂಡು ಕೂತು ಎಲೆ ಕೊಟ್ಟಳು, ಸೊಲ್ಲು ಎತ್ತಿದಳು. ಮಗಳು ಬಂದು ನನ್ನ ಪಕ್ಕ ಕೂತು, ನಾಚಿಕೊಂಡೇ ನನ್ನ ಜೊತೆ ಬಾಲ ಹಿಡಿದಳು. ಸೊಸೆ ಮೊಬೈಲಿನ ಹುಡುಗಿಗೆ "ಆರ್ಸೇ ಅದುನ್ನ" ಅಂದಳು. ನನ್ನ ಬಾಳಿನಲ್ಲಿ ಅಷ್ಟು ಸಡಗರದ ಮಧ್ಯಾಹ್ನ ಇನ್ನೊಂದಿಲ್ಲ.

ರಜ ಮುಗಿಯಿತು, ಹೋದರು. ಈಗಲೂ ಹಾಡುತ್ತಾಳಂತೆ. ಸ್ಕೂಲಿನಲ್ಲಿ ಗೆಳತಿಯರನ್ನು ಹಿಂದೆ ನಿಲ್ಲಿಸಿಕೊಂಡು ಬಾಲ ಹಿಡಿಸುತ್ತಾಳಂತೆ.

ಮುಂದಿನ ಮುಂಗಾರಿನಲ್ಲಿ ಒಂದು ಸಿಡಿಲಿಗೆ ನಮ್ಮ ಡಬ್ಬ ಸುಟ್ಟುಹೋಯಿತು. ಮಗ ಹೊಸದು ತಂದು ಪೆಟ್ಟಿಗೆ ಸಿಕ್ಕಿಸಿದರೆ, ಇದರೊಳಗೆ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ ಅಂತ ಕೇಳಿತಂತೆ. "ಹೂಂ ಅನ್ಲಾ ಅವ್ವ? ಇದ್ರೂ ಇನ್ ಕಾಣಾಕಿಲ್ಲ" ಅಂದ. ಬೇಡ ಅಂದೆ. ಅವನು ಹೆಂಡತಿಯ ಮುಖ ನೋಡಿದ. "ಅತ್ತೆ ಬ್ಯಾಡ ಅಂದ್ರಲ್ಲ" ಅಂತ ಅವಳು ವೈರು ಕಿತ್ತು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು. ನನ್ನ ಸೀರೆಗಳ ನಡುವೆ ಇದೆ. ಅದರೊಳಗೆ ಹಸಿರು ಲಂಗ ಉಟ್ಟ ಕೂಸು ಒಂದು ಸೊಲ್ಲು ಹೇಳಿ ನಿಂತಿರುತ್ತದೆ.

ಸೊಪ್ಪಿನ ಕಾಲ ಮತ್ತೆ ಬಂದಿದೆ. ನಾನೀಗ ಬಾಯಿ ಮುಚ್ಚಿಕೊಂಡು ಕಟ್ಟುವುದಿಲ್ಲ. ದಾರ ಬಿಗಿಯುವಾಗ "ಎಲ್ಡು ಕಣ್ಣು ಸಾಲ್ದವ್ವ" ಅನ್ನುತ್ತೇನೆ. ಸುಮ್ಮನಿರುತ್ತೇನೆ. ಮುಂದಿನ ಹಿಡಿಗೆ "ಮನಸಿಲ್ಲ ಕೇಳವ್ವ" ಅನ್ನುತ್ತೇನೆ. ಮೊನ್ನೆ ಎಲೆ ಕೊಡುತ್ತಿದ್ದ ಹೊಸ ಹುಡುಗಿ ಕೇಳಿದಳು, "ಇದೇನಜ್ಜಿ, ಬರೀ ಬಾಲ ಹಾಡ್ತೀಯ? ಮೊದ್ಲುನೆ ಸೊಲ್ಲು ಎಲ್ಲಿ?"

"ಹುಬ್ಳೀಲಿ ಅದೆ ಕಣವ್ವ" ಅಂದೆ. "ಎಲೆ ಕೊಡು."